ಮಾಯಾ ಆಚರಣೆಯ ಹಾಡುಗಳು: ಪ್ರತಿ ಮಾತೂ ಎರಡು ಸಲ ಬರುತ್ತದೆ, ಕನ್ನಡಕ್ಕೆ ತರುವಾಗ ಒಂದನ್ನು ಬಿಡಬಹುದೇ?

ಎಲೆಮರೆ ಕೇಳಿದ್ದು:

ಮೆಕ್ಸಿಕೊ ಮತ್ತು ಗ್ವಾಟೆಮಾಲಾದ ಮಾಯಾ ಜನರ ಕೆಲವು ಆಚರಣೆಯ ಹಾಡು, ಪ್ರಾರ್ಥನೆ, ಮಂತ್ರಗಳನ್ನು ಒಂದು ಕಿರುಪತ್ರಿಕೆಗೆ ಅನುವಾದಿಸುತ್ತಿದ್ದೇನೆ. ಮೂಲ ಭಾಷೆ ಗೊತ್ತಿಲ್ಲ. ಎದುರುಪುಟದಲ್ಲಿ ಮೂಲವಿರುವ ಇಂಗ್ಲಿಷ್, ಸ್ಪ್ಯಾನಿಷ್ ಆವೃತ್ತಿಗಳೇ ಆಧಾರ. ಯುಕಾತಾನಿನ ದ್ಸಿತ್ಬಾಲ್ಚೆ ಹಾಡುಗಳು, ಬಕಾಬರ (ನಾಲ್ಕು ದಿಕ್ಕಿನಲ್ಲಿ ಆಕಾಶ ಹೊತ್ತ ದೈವಗಳ) ಮಂತ್ರಗಳ ಹಸ್ತಪ್ರತಿಯ ಎರಡು ಮಂತ್ರ, ಚಿಯಾಪಾಸ್ ಬೆಟ್ಟಗಳ ತ್ಸೊತ್ಸಿಲ್ ಪ್ರಾರ್ಥನೆಗಳು, ಇಷ್ಟು ಆರಿಸಿಕೊಂಡಿದ್ದೇನೆ.

ನನ್ನ ತೊಡಕುಗಳು: ಹೇಳಿದ್ದನ್ನೇ ಸ್ವಲ್ಪ ಬದಲಿಸಿ ಮತ್ತೆ ಹೇಳುತ್ತಾರೆ. ಕನ್ನಡದಲ್ಲಿ ಅದು ಎಳೆದಂತೆ ಕೇಳುತ್ತದೆ, ಎರಡರಲ್ಲಿ ಒಂದನ್ನು ಬಿಡಬಹುದೇ? ಹೂವು, ಮೇಣದಬತ್ತಿ, ಬಣ್ಣ, ದಿಕ್ಕು ಪದೇ ಪದೇ ಬರುತ್ತವೆ. ಕೊನೆಯಲ್ಲಿ ‘ಇದರ ಅರ್ಥ ಇದು’ ಎಂದು ಒಂದು ಪಟ್ಟಿ ಕೊಟ್ಟರೆ ಸಾಕೇ? ದಿಕ್ಕುಗಳು ಪೂರ್ವ, ಉತ್ತರ, ಪಶ್ಚಿಮ, ದಕ್ಷಿಣ ಎಂಬ ಕ್ರಮದಲ್ಲಿವೆ. ನಮ್ಮ ಓದುಗರಿಗೆ ತಪ್ಪೆನಿಸಬಾರದು ಅಂತ ಪೂರ್ವ, ದಕ್ಷಿಣ, ಪಶ್ಚಿಮ, ಉತ್ತರ ಮಾಡಿದ್ದೇನೆ. ಸರಿಯೇ?

---

ಜೋಡೆತ್ತು:

ದಿಕ್ಕಿನ ವಿಷಯ ಮೊದಲು, ಏಕೆಂದರೆ ಅದನ್ನು ಈಗಲೇ ತಿದ್ದಬೇಕು. ಮೂಲದ ಕ್ರಮ ಮುಟ್ಟಬೇಡಿ. ಪೂರ್ವದಿಂದ ಉತ್ತರಕ್ಕೆ, ಅಲ್ಲಿಂದ ಪಶ್ಚಿಮಕ್ಕೆ, ಕೊನೆಗೆ ದಕ್ಷಿಣಕ್ಕೆ ಹೋಗುವುದೆಂದರೆ ಎಡಸುತ್ತು. ಬಕಾಬರ ಮಂತ್ರಗಳಲ್ಲಿ ಬಣ್ಣಗಳೂ ಇದೇ ದಾರಿ ಹಿಡಿಯುತ್ತವೆ: ಪೂರ್ವ ಕೆಂಪು, ಉತ್ತರ ಬಿಳಿ, ಪಶ್ಚಿಮ ಕಪ್ಪು, ದಕ್ಷಿಣ ಹಳದಿ. ನಡುವೆ ಹಸಿರುನೀಲಿ, ಅಲ್ಲಿ ಬೂರುಗದ ಜಾತಿಯ ಸೈಬಾ ಮರ. 16ನೇ ಶತಮಾನದಲ್ಲಿ ಪಾದ್ರಿ ದಿಯೆಗೊ ದೆ ಲಾಂದಾ ಬರೆದಿಟ್ಟ ವರ್ಷಾಧಿಪತಿಗಳ ಸರದಿಯೂ ಎಡಕ್ಕೇ ತಿರುಗುತ್ತದೆ. ಚಿಯಾಪಾಸಿನ ತ್ಸೊತ್ಸಿಲ್ ಊರಾದ ಚಾಮುಲಾದ ಇಂದಿನ ಮೆರವಣಿಗೆಗಳೂ ಹಾಗೆಯೇ, ಅಲ್ಲಿ ಅದು ಸೂರ್ಯನ ದಾರಿ. ನಮಗೆ ಎಡಸುತ್ತು ಅಂದರೆ ಅಪ್ರದಕ್ಷಿಣೆ, ಅಂದರೆ ಸಾವಿನ ಮನೆ. ಅವರಿಗೆ ಅದೇ ಮಂಗಳ. ನೀವು ಬಲಕ್ಕೆ ತಿರುಗಿಸಿದರೆ ಸೂರ್ಯನನ್ನೇ ಹಿಂದಕ್ಕೆ ನಡೆಸಿದಂತಾಗುತ್ತದೆ. ಬೇಕಿದ್ದರೆ ಅಡಿಯಲ್ಲಿ ಒಂದು ಸಾಲಿನ ಟಿಪ್ಪಣಿ ಹಾಕಿ, ಪಠ್ಯವನ್ನು ಹಾಗೇ ಬಿಡಿ.

ಇನ್ನು ಜೋಡಿ ಸಾಲುಗಳು. ಒಂದನ್ನು ಬಿಟ್ಟರೆ ಹಾಡೇ ಹೋಯಿತು. ಅಲ್ಲಿ ಪ್ರಾಸವಿಲ್ಲ, ನಮ್ಮ ಹಾಗೆ ಮಾತ್ರೆ ಎಣಿಸುವ ಛಂದಸ್ಸೂ ಇಲ್ಲ. ಪದ್ಯವನ್ನು ಪದ್ಯವಾಗಿ ನಿಲ್ಲಿಸುವುದು ಜೋಡಿ ಒಂದೇ. ವಾಕ್ಯದ ಚೌಕಟ್ಟು ಹಾಗೇ ಉಳಿಯುತ್ತದೆ, ಒಂದು ಜಾಗದ ಪದ ಮಾತ್ರ ಬದಲಾಗುತ್ತದೆ, ಆ ಎರಡು ಪದ ಸೇರಿ ಮೂರನೆಯದೊಂದನ್ನು ಹೇಳುತ್ತವೆ. ಆಕಾಶ ಮತ್ತು ಭೂಮಿ ಸೇರಿದರೆ ಜಗತ್ತು. ಚಿಯಾಪಾಸಿನ ಇನ್ನೊಂದು ಊರಾದ ಸಿನಾಕಾಂತಾನಿನ ತ್ಸೊತ್ಸಿಲ್‌ನಲ್ಲಿ ತಂದೆ ಮತ್ತು ತಾಯಿ ಸೇರಿದರೆ ಬೆಟ್ಟದೊಳಗೆ ನೆಲೆಸಿದ ಪೂರ್ವಜ ದೈವಗಳು. ಗ್ವಾಟೆಮಾಲಾದ ಕಿಚೆ ಭಾಷೆಯಲ್ಲಿ ತಾಯಿ ಮೊದಲು, ತಂದೆ ಆಮೇಲೆ. ಅಲ್ಲಿ ಆ ಜೋಡಿಯ ಅರ್ಥ ದಿನಗಣನೆ ನೋಡಿ ಪೂಜೆ ನಡೆಸುವ ಪುರೋಹಿತ. ಕನ್ನಡದಲ್ಲಿ ತಂದೆತಾಯಿ, ತಾಯಿತಂದೆ ಎರಡೂ ನಡೆಯುತ್ತವೆ ಅಂತ ಕಿವಿಗೆ ಹಿತವಾದದ್ದನ್ನು ಬರೆಯಬೇಡಿ. ಯಾವ ಭಾಷೆಯ ಪಠ್ಯವೋ ಆ ಭಾಷೆಯ ಕ್ರಮವೇ ಇರಲಿ.

ಈ ಜೋಡಿಗಳು ಮಿಷನರಿಗಳ ಕಾಲದಲ್ಲಿ ಹುಟ್ಟಿದವೂ ಅಲ್ಲ, ಅದಕ್ಕೆ ಸಾವಿರ ವರ್ಷ ಹಿಂದಿನ ಕಲ್ಲುಶಾಸನಗಳಲ್ಲೇ ಸಿಗುತ್ತವೆ. ಚಕಮಕಿ ಕಲ್ಲು ಮತ್ತು ಗುರಾಣಿ ಅಂದರೆ ಸೇನೆ, ಯುದ್ಧ. ನೆಲ ಮತ್ತು ಗುಹೆ ಅಂದರೆ ರಾಜ್ಯ, ಪಟ್ಟಣ. ‘ರಕ್ತ ಮಡುಗಟ್ಟಿತು, ತಲೆಬುರುಡೆ ಬೆಟ್ಟವಾಯಿತು’ ಎಂದು ಗ್ವಾಟೆಮಾಲಾದ ಹಳೆಯ ಮಾಯಾ ನಗರ ದೋಸ್ ಪಿಲಾಸ್‌ನ ಮೆಟ್ಟಿಲ ಶಾಸನ ಸೋತ ಪಡೆಯ ಬಗ್ಗೆ ಹೇಳುತ್ತದೆ. ನಿಮ್ಮ ಕೆಲಸಕ್ಕೆ ತೀರಾ ಹತ್ತಿರದ್ದು ‘ಸೃಷ್ಟಿ, ಕತ್ತಲು’ ಎಂಬ ಜೋಡಿ: ಚಾಬ್, ಅಕಾಬ್. ಶಾಸನಗಳಲ್ಲಿ ಅದು ರಾಜನ ವ್ರತ ಮತ್ತು ಹುಟ್ಟಿಸುವ ಶಕ್ತಿ. ಸೆರೆಸಿಕ್ಕ ಶತ್ರುವಿಗೆ ‘ಸೃಷ್ಟಿಯಿಲ್ಲ, ಕತ್ತಲಿಲ್ಲ’ ಎನ್ನುತ್ತಾರೆ. ಅದೇ ಜೋಡಿ ಬಕಾಬರ ಮಂತ್ರಗಳಲ್ಲಿ ರೋಗದ ಹುಟ್ಟನ್ನು ವಿಚಾರಿಸುವ ಪ್ರಶ್ನೆಯಾಗಿ ಮತ್ತೆ ಬರುತ್ತದೆ. ಅಲ್ಲಿ ‘ಕತ್ತಲು’ ಅಂತ ಇರುವುದನ್ನು ಅಜ್ಞಾನ ಅಂತ ಮಾಡಿಬಿಡಬೇಡಿ, ಉಪನಿಷತ್ತಿನ ತಮಸ್ಸಿಗೂ ಇದಕ್ಕೂ ಸಂಬಂಧವಿಲ್ಲ. ಇದು ಗರ್ಭದ ಕತ್ತಲು.

ಕನ್ನಡದಲ್ಲಿ ಇದಕ್ಕೆ ಜಾಗವಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಜೋಡುನುಡಿ ಇದೆ. ಆದರೆ ಬಟ್ಟೆಬರೆ ತರಹದ್ದು ಇಲ್ಲಿ ಕೆಲಸಕ್ಕೆ ಬಾರದು, ಅದರಲ್ಲಿ ಎರಡನೆಯ ಪದ ಬರೀ ಜೊತೆಗಾರ. ಹೊಲಮನೆ ಎಂಬುದು ಸರಿಯಾದ ಮಾದರಿ: ಎರಡಕ್ಕೂ ಅರ್ಥವಿದೆ, ಕೂಡಿದರೆ ಆಸ್ತಿ, ಬದುಕು.

---

ಬೂದಿಗುಡ್ಡೆ:

ಪಟ್ಟಿ ಕೊಡಬೇಡಿ. ‘ಹೂವು = ಪ್ರೇಮ, ಬತ್ತಿ = ಬೆಳಕು’ ಎಂಬ ಪಟ್ಟಿಗಳಿಂದಲೇ ಈ ಹಾಡುಗಳ ಅರ್ಧ ಅನುವಾದ ಕೆಟ್ಟಿವೆ. ಹಾಡಿನ ರೂಪಕಕ್ಕೆ ಎದುರಿಗೆ ಒಂದು ವಸ್ತು ಇರುತ್ತದೆ. ಅದು ಬಲಿಪೀಠದ ಮೇಲೋ ಹೊಲದ ಮೂಲೆಯಲ್ಲೋ ರೋಗಿಯ ಹಾಸಿಗೆ ಪಕ್ಕದಲ್ಲೋ ಇರುತ್ತದೆ. ಆ ವಸ್ತು ಏನು, ಅದಕ್ಕೆ ಅಲ್ಲಿ ಏನಾಗುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಅರ್ಥ ಆಮೇಲೆ ತಾನಾಗಿ ಬರುತ್ತದೆ.

ಮೇಣದಬತ್ತಿಯನ್ನೇ ತೆಗೆದುಕೊಳ್ಳಿ. ಕನ್ನಡದ ಓದುಗ ಬತ್ತಿ ಕಂಡ ಕೂಡಲೇ ಜ್ಞಾನಜ್ಯೋತಿಗೆ ಹಾರುತ್ತಾನೆ. ಸಿನಾಕಾಂತಾನಿನಲ್ಲಿ ಬಿಳಿ ಮೇಣದ ಬತ್ತಿ ದೈವಗಳಿಗೆ ಮೆಕ್ಕೆಜೋಳದ ರೊಟ್ಟಿ. ಪ್ರಾಣಿಕೊಬ್ಬಿನ ಬತ್ತಿ ಮಾಂಸ. ಕೋಪಾಲ್ ಧೂಪದ ಹೊಗೆ ಸಿಗರೇಟು. ಜೊತೆಗೆ ಕಬ್ಬಿನ ಸಾರಾಯಿ. ಒಟ್ಟಿನಲ್ಲಿ ಅದು ಊಟ, ಬತ್ತಿ ಉರಿದು ಕರಗುವುದೇ ದೈವ ಉಣ್ಣುವುದು. ಪ್ರಾರ್ಥನೆಯಲ್ಲಿ ‘ಈ ಚೂರು ಬತ್ತಿಯನ್ನು ಒಪ್ಪಿಸಿಕೊ’ ಎಂದಾಗ ಬಡವ ಅತಿಥಿಗೆ ಬಡಿಸುವ ಸಂಕೋಚವಿದೆ. ‘ದೀಪ ಬೆಳಗಿಸುವೆ’ ಅಂತ ಬರೆದರೆ ಬಡಿಸುವವನೂ ಇಲ್ಲ, ಉಣ್ಣುವವನೂ ಇಲ್ಲ. ಅದೇ ಚಿಕಿತ್ಸೆಯಲ್ಲಿ ಬರುವ ಕಪ್ಪು ಕೋಳಿಗೆ ‘ಬದಲಿ’ ಎಂದೇ ಹೆಸರು: ರೋಗಿಯ ಆತ್ಮ ಬಿಡಿಸಿಕೊಳ್ಳಲು ಕೊಡುವ ಬದಲಿ. ಇದನ್ನು ‘ಬಲಿ’ ಅಂತ ಅನುವಾದಿಸಿದರೆ ಕೊಡುಕೊಳ್ಳುವ ಲೆಕ್ಕ ಕಾಣೆಯಾಗುತ್ತದೆ. ‘ಬದಲಿ’ ಎಂದೇ ಇಡಿ.

ಇಲ್ಲೊಂದು ಎಚ್ಚರಿಕೆ. ಬರೀ ‘ಜೋಳ’ ಅಂತ ಬರೆಯಬೇಡಿ. ಉತ್ತರ ಕರ್ನಾಟಕದ ಓದುಗರಿಗೆ ಅದು ಬಿಳಿಜೋಳವಾಗುತ್ತದೆ, ಅದು ಆ ನೆಲದ ಬೆಳೆಯೇ ಅಲ್ಲ. ಮೆಕ್ಕೆಜೋಳ ಅಥವಾ ಗೋವಿನಜೋಳ ಎಂದು ಪೂರ್ತಿ ಬರೆಯಿರಿ. ಕಿಚೆ ಜನರ ಪುರಾಣಗ್ರಂಥ ಪೊಪೊಲ್ ವುಹ್‌ನಲ್ಲಿ ಮೊದಲ ನಾಲ್ವರು ಮನುಷ್ಯರ ಮೈಯಾದದ್ದು ‘ಹಳದಿ ತೆನೆ, ಬಿಳಿ ತೆನೆ’. ಮುದುಕಿ ಶ್ಮುಕಾನೆ ಅದನ್ನು ಒಂಬತ್ತು ಸಲ ಬೀಸುತ್ತಾಳೆ. ಹಾಡಿನಲ್ಲಿ ಧಾನ್ಯ ಬಂದಲ್ಲೆಲ್ಲ ಮನುಷ್ಯನ ಮೈಯೂ ಇದೆ.

ಮಳೆ ಬೇಡುವ ಚಾ ಚಾಕ್ ಆಚರಣೆ ನೋಡಿದರೆ ವಸ್ತು ಮತ್ತು ರೂಪಕ ಹೇಗೆ ಹೆಣೆದಿವೆ ಅಂತ ಚೆನ್ನಾಗಿ ತಿಳಿಯುತ್ತದೆ. ಯುಕಾತಾನಿನ ಹಳ್ಳಿಗಳಲ್ಲಿ ಕೊಂಬೆಗಳನ್ನು ಬಗ್ಗಿಸಿ ಕಮಾನು ಕಟ್ಟಿದ ಮೇಜು, ಅದು ಆಕಾಶ. ಅದರ ಕಾಲುಗಳಿಗೆ ನಾಲ್ಕು ಹುಡುಗರನ್ನು ಕಟ್ಟಿರುತ್ತಾರೆ, ಅವರು ಕಪ್ಪೆಗಳಂತೆ ವಟಗುಟ್ಟಬೇಕು. ಹಿರಿಯನೊಬ್ಬ ಮಳೆದೈವ ಚಾಕ್ ಆಗಿ ಮರದ ಕತ್ತಿ ಮತ್ತು ನೀರಿನ ಸೋರೆಬುರುಡೆ ಹಿಡಿದು ಗುಡುಗುತ್ತಾನೆ. ಕತ್ತಿ ಮಿಂಚು, ಬುರುಡೆ ಮೋಡ. ಹ್-ಮೆನ್, ಅಂದರೆ ಮಂತ್ರ ಹೇಳುವವನು, ದಿಕ್ಕು ದಿಕ್ಕಿನ ಚಾಕ್ ದೈವಗಳನ್ನು ಕರೆಯುತ್ತಾನೆ. ತರುವ ನೀರು ಮನುಷ್ಯರ ಕೈ ಹೆಚ್ಚು ಮುಟ್ಟದ ಗುಹೆಯದ್ದೋ ಸಿನೋಟೆಯದ್ದೋ (ಸುಣ್ಣಕಲ್ಲು ಕುಸಿದು ಆದ ಆಳದ ನೀರುಗುಂಡಿ) ಆಗಿರಬೇಕು, ಅದಕ್ಕೆ ‘ಸುಹುಯ್ ಹಾ’, ಮೀಸಲು ನೀರು ಎನ್ನುತ್ತಾರೆ. ಸಾಕಾ ಎಂಬ ಮೆಕ್ಕೆಜೋಳದ ಪಾನೀಯಕ್ಕೆ ಕಾಳನ್ನು ಸುಣ್ಣ ಹಾಕದೆ ಬೇಯಿಸುತ್ತಾರೆ. ದಿನದ ರೊಟ್ಟಿಯ ಕಾಳಿಗೆ ಸುಣ್ಣ ಬೇಕೇ ಬೇಕು. ಸುಣ್ಣ ಬಿದ್ದರೆ ಅದು ಮನುಷ್ಯರ ಊಟ, ದೈವದ್ದಲ್ಲ. ಬಾಲ್ಚೆ ಮರದ ತೊಗಟೆ ಮತ್ತು ಜೇನು ಕೊಳೆಸಿದ ಮದ್ಯವನ್ನೂ ಇಡುತ್ತಾರೆ. ದೊಡ್ಡ ರೊಟ್ಟಿಗಳನ್ನು ಹಿಟ್ಟು, ಕುಂಬಳಬೀಜದ ಪುಡಿ, ಮತ್ತೆ ಹಿಟ್ಟು ಎಂದು ಪದರ ಪದರವಾಗಿ ಕಟ್ಟಿ ನೆಲದೊಳಗಿನ ಒಲೆಯಲ್ಲಿ ಸುಡುತ್ತಾರೆ. 13 ಪದರವಿದ್ದರೆ ಆಕಾಶದ 13 ಅಂತಸ್ತು, 9 ಇದ್ದರೆ ಕೆಳಲೋಕದ 9. ಹಾಡಿನಲ್ಲಿ 13, 9, 4 ಬಂದರೆ ‘ಹಲವು’, ‘ಅನೇಕ’ ಅಂತ ಸವೆಸಬೇಡಿ. ಹಾಡು ಹೇಳುವ ಸಂಖ್ಯೆಯನ್ನು ಅಲ್ಲಿ ಯಾರೋ ಹಿಟ್ಟಿನಲ್ಲಿ ಎಣಿಸಿ ಮುಗಿಸಿರುತ್ತಾರೆ.

ಹೂವು ಕಷ್ಟದ್ದು, ಊರಿಂದ ಊರಿಗೆ ಬದಲಾಗುತ್ತದೆ. ದ್ಸಿತ್ಬಾಲ್ಚೆಯ ಹೂವಿನ ಹಾಡಿನಲ್ಲಿ ಬರುವ ನಿಕ್ತೆ ನಮ್ಮ ಗೋಸಂಪಿಗೆಯೇ, ಗಿಡದ ತವರು ಆ ಕಡೆಯದ್ದು. ಬೆಳದಿಂಗಳಲ್ಲಿ ಹೆಂಗಸರು ಬಟ್ಟೆ ಕಳಚಿ ಕಲ್ಲುದೊಣೆಯ ನೀರಿನ ಸುತ್ತ ಸೇರುತ್ತಾರೆ, ದೂರವಾದ ಗಂಡಸನ್ನು ಮರಳಿ ಕರೆಸುವ ಆಚರಣೆ ಅದು. ಅಲ್ಲಿ ನಿಕ್ತೆ ಎಂದರೆ ಕಾಮ. ಗೋಸಂಪಿಗೆ ಅಂದರೆ ನಮ್ಮವರಿಗೆ ದೇವಸ್ಥಾನದ ಅಂಗಳ ನೆನಪಾಗುತ್ತದೆ. ಆದ್ದರಿಂದ ಹೆಸರು ಗೋಸಂಪಿಗೆಯೇ ಇರಲಿ, ಆದರೆ ಸುತ್ತಲಿನ ಭಾಷೆಯಿಂದ ಭಕ್ತಿಯ ವಾಸನೆ ತೆಗೆಯಿರಿ. ‘ಪುಷ್ಪ’, ‘ಅರ್ಪಣೆ’, ‘ಸನ್ನಿಧಿ’ ಮೂರೂ ಹೋಗಲಿ. ಆ ಹಾಡಿನಲ್ಲಿ ತಂದ ವಸ್ತುಗಳ ಉದ್ದ ಪಟ್ಟಿ ಇದೆ, ‘ಹೊಸ’ ಎಂಬ ಮಾತು ಪದೇ ಪದೇ ಬರುತ್ತದೆ: ಹೊಸ ಹತ್ತಿನೂಲು, ಹೊಸ ಸೋರೆಬುರುಡೆ. ಒಂದು ‘ಹೊಸ’ವನ್ನೂ ಕತ್ತರಿಸಬೇಡಿ. ಹಿಂದೆ ಬಳಸಿದ ವಸ್ತು ಈ ಕೆಲಸಕ್ಕೆ ಆಗದು ಎಂಬುದೇ ಅಲ್ಲಿನ ಮಾತು. ತ್ಸೊತ್ಸಿಲ್ ಪ್ರಾರ್ಥನೆಯಲ್ಲಿ ಹೂವು ಬೇರೆ. ‘ನಿನ್ನ ಹೂಮೊಗ’ ಎಂದು ಸಂತನನ್ನೋ ಬೆಟ್ಟವನ್ನೋ ಕರೆಯುವಾಗ ಅದು ಪವಿತ್ರ, ಕಾಂತಿಯುಳ್ಳ ಎಂಬರ್ಥದ ಗೌರವವಾಚಕ, ಅಲ್ಲಿ ಶೃಂಗಾರದ ಸುಳಿವಿಲ್ಲ. ಅತಿತ್ಲಾನ್ ಸರೋವರದ ತ್ಸುತುಹಿಲ್ ಜನರಲ್ಲಿ ‘ಹೂಬಿಟ್ಟ ಬೆಟ್ಟನೆಲ’ ಎಂದರೆ ಸತ್ತವರಿಂದ ಬದುಕುವವರಿಗೆ ಜೀವ ಹರಿಸುವ ಜಗತ್ತಿನ ನಡುಮರ. ಒಂದೇ ‘ಹೂವು = ’ ಎಂಬ ಸಾಲಿನಲ್ಲಿ ಇವನ್ನೆಲ್ಲ ಹೇಗೆ ಹಾಕುತ್ತೀರಿ?

---

ಎಲೆಮರೆ:

ಪಟ್ಟಿ ಕೈಬಿಟ್ಟೆ, ದಿಕ್ಕು ಹಿಂದಿನಂತೆ ಮಾಡಿದೆ. ಒಂದು ತ್ಸೊತ್ಸಿಲ್ ಪ್ರಾರ್ಥನೆಯ ಆರಂಭವನ್ನು ಹೀಗೆ ಮಾಡಿದ್ದೆ, ನೋಡಿ:

ನಿನ್ನ ಪದತಲದಲ್ಲಿ ಕರಮುಗಿದು
ಬೇಡುತಿದೆ ಈ ಮಣ್ಣಿನ ದೇಹ

---

ಜೋಡೆತ್ತು:

ಇದರಲ್ಲಿ ಒಂದು ಅರ್ಥದ ತಪ್ಪಿದೆ, ಶೈಲಿಯದ್ದು ಆಮೇಲೆ. ಮೂಲದ ‘ತ ಯೊಲೊನ್ ಅವೊಕ್, ತ ಯೊಲೊನ್ ಅಕ'ಒಬ್’ ಎಂದರೆ ನಿನ್ನ ಕಾಲಿನ ಕೆಳಗೆ, ನಿನ್ನ ಕೈಯ ಕೆಳಗೆ. ಎರಡೂ ದೈವದ ಅಂಗಗಳೇ, ಬೇಡುವವನ ಕೈ ಇಲ್ಲಿ ಇಲ್ಲವೇ ಇಲ್ಲ. ನೀವು ಕೈಯನ್ನು ಕಿತ್ತು ಭಕ್ತನಿಗೆ ಜೋಡಿಸಿ ಮುಗಿಸಿಬಿಟ್ಟಿದ್ದೀರಿ. ಕಾಲು ಮತ್ತು ಕೈ ಸೇರಿ ‘ನಿನ್ನ ಎದುರು, ನಿನ್ನ ವಶದಲ್ಲಿ’. ಎರಡನೆಯದರಲ್ಲಿ ಮಣ್ಣು ಮತ್ತು ಕೆಸರು ಎಂಬ ಜೋಡಿ ಸೇರಿ ಮೈ. ನೀವು ‘ದೇಹ’ ಎಂದು ಉತ್ತರವನ್ನೇ ಬರೆದುಬಿಟ್ಟಿರಿ. ಹೀಗೆ ಇಡಬಹುದು:

ನಿನ್ನ ಕಾಲಡಿ,
ನಿನ್ನ ಕೈಯಡಿ,
ನನ್ನ ಮಣ್ಣು,
ನನ್ನ ಕೆಸರು

ಒಂದೊಂದು ಅರ್ಧಕ್ಕೂ ಒಂದೊಂದು ಸಾಲು. ಸಂಧಿ, ಸಮಾಸ ಬೇಡ. ಎರಡರ ನಡುವೆ ‘ಮತ್ತು’ ಹಾಕಿದರೆ ಬಿಗಿ ಸಡಿಲವಾಗುತ್ತದೆ. ಸಂಸ್ಕೃತ ಪದ ಒಂದು ಕಡೆ, ಕನ್ನಡ ಪದ ಇನ್ನೊಂದು ಕಡೆ ಬಂದರೆ ತಕ್ಕಡಿ ವಾಲುತ್ತದೆ. ಗಟ್ಟಿಯಾಗಿ ಓದಿ ನೋಡಿ, ಎರಡರ ಉದ್ದ ಹೆಚ್ಚುಕಡಿಮೆ ಸಮನಾಗಿರಬೇಕು.

ಇನ್ನೊಂದು: ಚಾಮುಲಾದಲ್ಲಿ ಪವಿತ್ರ ಮಾತು ‘ಬಿಸಿ’ಯಾದದ್ದು. ಮಾತು ದಿನಬಳಕೆಯಿಂದ ಪ್ರಾರ್ಥನೆಗೆ, ಅಲ್ಲಿಂದ ಹಾಡಿಗೆ ಏರಿದಂತೆ ಕಾವೇರುತ್ತದೆ, ಪುನರುಕ್ತಿಯೂ ಏರುತ್ತದೆ. ಬತ್ತಿ, ಧೂಪ, ಸಾರಾಯಿ, ಪಟಾಕಿಗಳೂ ಅದೇ ಬಿಸಿಯ ಬೇರೆ ರೂಪಗಳು. ನಿಮಗೆ ಎಳೆದಂತೆ ಕೇಳಿಸಿದ್ದು ಅವರಿಗೆ ಒಲೆಗೆ ಇನ್ನೊಂದು ಕೊರಡು.

---

ಹಸ್ತಪ್ರತಿ:

ಮೇಲಿನವರು ಹೇಳಿದ್ದು ಸರಿ, ಆದರೆ ಇಬ್ಬರೂ ಎಲ್ಲವನ್ನೂ ರೂಪಕವಾಗಿಯೇ ಓದುತ್ತಿದ್ದಾರೆ. ದ್ಸಿತ್ಬಾಲ್ಚೆಯ 13ನೇ ಹಾಡು, ಬಿಲ್ಲುಗಾರನದು, ಬಹುಪಾಲು ಬರೀ ಸೂಚನೆ. ತೋಳು, ತೊಡೆ, ಮೊಣಕಾಲು, ಎದೆಗೆ ಗಂಡು ಜಿಂಕೆಯ ಕೊಬ್ಬು ಹಚ್ಚಿದ್ದೀಯಾ? ಬಾಣದ ಗರಿಗೆ ಕತ್ಸಿಮ್ ಮರದ ಅಂಟು ಹಾಕಿದ್ದೀಯಾ? ನೀಲಿ ಬಣ್ಣ ಬಳಿದ ಕಲ್ಲುಕಂಬಕ್ಕೆ ಕಟ್ಟಿಹಾಕಿದ ಬಲಿಯಾಳಿನ ಸುತ್ತ ಹಗುರ ಹೆಜ್ಜೆಯಲ್ಲಿ ಮೂರು ಸುತ್ತು. ಬಾಣವನ್ನು ಎದೆಗೆ ಗುರಿಯಿಡು, ಪೂರ್ತಿ ಬಲ ಹಾಕಬೇಡ, ಆಳಕ್ಕೆ ಇಳಿಯಬಾರದು, ಅವನು ಸ್ವಲ್ಪ ಸ್ವಲ್ಪವಾಗಿ ನರಳಬೇಕು. ಕುಣಿತ ಮಾತ್ರ ನಿಲ್ಲಬಾರದು. ಜಿಂಕೆಕೊಬ್ಬಿಗೆ ಗೂಢಾರ್ಥ ಹುಡುಕಬೇಡಿ, ಅದು ಮೈಗೆ ಹಚ್ಚುವ ಕೊಬ್ಬು ಅಷ್ಟೇ. ಕಂಬದ ನೀಲಿ ಮಾತ್ರ ಬೇರೆ. ನೀಲಿ ಬಲಿಯ ಬಣ್ಣ, ಬಿಲ್ಲಿನ ಬಲಿಗೆ ಒಳಗಾಗುವವನ ಮೈಗೂ ನೀಲಿ ಬಳಿಯುತ್ತಿದ್ದರು ಎಂದು ಲಾಂದಾ ಬರೆದಿದ್ದಾನೆ. ಭಯಾನಕ ಹಾಡು. ಅದನ್ನು ತಣ್ಣಗೆ, ಕಸುಬಿನ ಭಾಷೆಯಲ್ಲಿ ಅನುವಾದಿಸಬೇಕು. ವೀರರಸ ಬೆರೆಸಿದರೆ ಸುಳ್ಳಾಗುತ್ತದೆ.

ದ್ಸಿತ್ಬಾಲ್ಚೆ ಹಸ್ತಪ್ರತಿ 1942ರ ಸುಮಾರಿಗೆ ಯುಕಾತಾನಿನ ಮೆರಿದಾ ನಗರದಲ್ಲಿ ಬೆಳಕಿಗೆ ಬಂತು, 1965ರಲ್ಲಿ ಅಲ್ಫ್ರೆದೊ ಬರೇರಾ ವಾಸ್ಕೆಸ್ ಸ್ಪ್ಯಾನಿಷಿಗೆ ತಂದರು. 15 ಹಾಡುಗಳಿವೆ. ಮುಖಪುಟದಲ್ಲಿ 1440 ಎಂಬ ವರ್ಷವಿದೆ, ಕೈಬರಹ ಮತ್ತು ಲಿಪಿ 18ನೇ ಶತಮಾನದ್ದು. ಮುನ್ನುಡಿಯಲ್ಲಿ ‘1440ರ ಹಾಡುಗಳು’ ಅಂತ ಬರೆಯಬೇಡಿ. ಬಕಾಬರ ಹಸ್ತಪ್ರತಿಗೆ ಆ ಹೆಸರಿಟ್ಟವರು ವಿಲಿಯಂ ಗೇಟ್ಸ್, ರಾಲ್ಫ್ ರಾಯ್ಸ್ ಮಾಡಿದ ಅದರ ಅನುವಾದವೂ 1965ರದ್ದೇ.

ಎದುರುಪುಟದ ಮೂಲ ನೋಡುತ್ತೇನೆ ಅಂದಿರಿ, ಹಾಗಿದ್ದರೆ ಅಕ್ಷರದಲ್ಲಿ ಎಡವಬಾರದು. ವಸಾಹತು ಕಾಲದಲ್ಲಿ ಯುಕಾತೆಕ್ ಅನ್ನು, ಅಂದರೆ ಯುಕಾತಾನಿನ ಮಾಯಾ ಭಾಷೆಯನ್ನು, ರೋಮನ್ ಅಕ್ಷರಗಳಲ್ಲಿ ಬರೆದ ಬರಹದಲ್ಲಿ ಸಿ ಎಂದರೆ ಸಾದಾ ಕ್. ಕೆ ಎಂದರೆ ಗಂಟಲು ಬಿಗಿದು ಸಿಡಿಸುವ ಕ್. ನಮ್ಮ ಮಹಾಪ್ರಾಣ ಖ ಅದಲ್ಲ, ಖ ಎಂದು ಬರೆಯಬೇಡಿ, ಕ' ಎಂದು ಗುರುತು ಹಾಕಿ. ಪಿ ಜೋಡಿಯಾಗಿ ಬಂದರೆ ಬಿಗಿದ ಪ್, ಟಿಎಚ್ ಬಂದರೆ ಬಿಗಿದ ತ್. ತಿರುಗಿಸಿ ಬರೆದ ಸಿ ಎಂದರೆ ಬಿಗಿದ ತ್ಸ್, ಆಮೇಲೆ ಅದನ್ನು ಡಿಜೆಡ್ ಎಂದು ಬರೆದರು, ದ್ಸಿತ್ಬಾಲ್ಚೆ ಎಂಬ ಹೆಸರಿನ ಮೊದಲಲ್ಲಿ ಇರುವುದು ಅದೇ. ತೊಂದರೆ ಎಲ್ಲಿ ಅಂದರೆ, ಹಳೆಯ ಬರಹದಲ್ಲಿ ‘ಕೆ-ಎ-ಎನ್’ ಕಂಡರೆ ಅದು ಹಳದಿ. ಇಂದಿನ ಬರಹದಲ್ಲಿ ಅದೇ ಮೂರಕ್ಷರ ನಾಲ್ಕು ಎಂಬ ಸಂಖ್ಯೆ. ಹಾವು, ಆಕಾಶ, ನಾಲ್ಕು ಎಂಬ ಪದಗಳೂ ಸದ್ದಿನಲ್ಲಿ ಒಂದಕ್ಕೊಂದು ತೀರಾ ಹತ್ತಿರ, ಹಾಡುಗಾರರು ಬೇಕೆಂದೇ ಅವುಗಳ ಮೇಲೆ ಆಡುತ್ತಾರೆ. ಚಾಕ್ ಎಂದು ಓದುವುದಕ್ಕೂ ಕೆಂಪು, ದೊಡ್ಡ, ಮಳೆದೈವ ಎಂಬ ಮೂರು ದಾರಿ. ಯಾವುದೆಂದು ನಿರ್ಧರಿಸಲು ಹಿಂದಿನ, ಮುಂದಿನ ಮೂರು ಚರಣ ನೋಡಿ. ಬಿಳಿ, ಕಪ್ಪು, ಹಳದಿ ಸಾಲಾಗಿ ಬಂದಿದ್ದರೆ ಅದು ಕೆಂಪು, ಚರ್ಚೆ ಮುಗಿಯಿತು.

ಬಕಾಬರ ಮಂತ್ರ ನಡೆಯುವ ಬಗೆಯನ್ನೂ ಗಮನದಲ್ಲಿಡಿ, ಇಲ್ಲದಿದ್ದರೆ ಯಾರು ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯುವುದಿಲ್ಲ. ವೈದ್ಯ ರೋಗವನ್ನೇ ಎದುರಿಗೆ ನಿಲ್ಲಿಸಿ ನಿನ್ನ ತಾಯಿ ಯಾರು, ತಂದೆ ಯಾರು ಎಂದು ವಿಚಾರಿಸುತ್ತಾನೆ. ಹುಟ್ಟಿದ ಜಾಗ, ದಿನ, ಅದರ ಹಕ್ಕಿ, ಅದರ ಮರ ಒಂದೊಂದಾಗಿ ಹೆಸರಿಸುತ್ತಾನೆ. ವಂಶಾವಳಿ ಬಯಲಾದ ಮೇಲೆ ಅದನ್ನು ಕೆಡವುತ್ತಾನೆ, ತಣಿಸುತ್ತಾನೆ. ಉದಾಹರಣೆಗೆ ಗಿಳಿಜಾತಿಯ ಮಕಾವ್ ಹೆಸರಿನ ಸೆಳವುರೋಗದ ಮಂತ್ರವಿದೆ. ಅಲ್ಲಿ ಆ ಹಕ್ಕಿಯೇ ರೋಗ, ಹೋಲಿಕೆ ಅಲ್ಲ, ‘ಮಕಾವಿನಂತೆ’ ಎಂದು ಬರೆದರೆ ಕೆಟ್ಟಿತು. ನೆಲದೊಲೆ ತಣಿಸುವ, ಬೆಂಕಿಯ ಮೇಲಿನ ನೀರು ತಣಿಸುವ ಮಂತ್ರಗಳೂ ಅದರಲ್ಲಿವೆ. ಕಾವು ಬೆಟ್ಟದ ಹಾಡಿನಲ್ಲಿ ಪವಿತ್ರ, ಇಲ್ಲಿ ಇಳಿಸಬೇಕಾದ ಅಪಾಯ. ಒಂದರ ಟಿಪ್ಪಣಿ ಇನ್ನೊಂದಕ್ಕೆ ಅಂಟಿಸಬೇಡಿ.

---

ಬೂದಿಗುಡ್ಡೆ:

ಬಿಲ್ಲುಗಾರನ ಹಾಡಿನ ಬಗ್ಗೆ ಒಪ್ಪಿದೆ. ಆದರೆ ಅದೇ ಸಂಪುಟದ ಇನ್ನೊಂದು ಹಾಡಿನಲ್ಲಿ ಕಟ್ಟಿಹಾಕಿದವನಿಗೆ ‘ನಗು, ಊರವರ ಮಾತನ್ನು ದೈವಕ್ಕೆ ಒಯ್ಯುವವನು ನೀನು’ ಎಂದು ಸಮಾಧಾನ ಹೇಳುತ್ತಾರೆ. ಸೂಚನೆಯ ತಣ್ಣನೆ ದನಿ, ಸಮಾಧಾನದ ಸಿಹಿ ದನಿ ಎರಡನ್ನೂ ಪತ್ರಿಕೆಯಲ್ಲಿ ಅಕ್ಕಪಕ್ಕ ಇಡಿ. ಮುಂದಿನ ಸಂಚಿಕೆಗೆ ಜಾಗ ಸಿಕ್ಕರೆ ರಬಿನಾಲ್ ಅಚಿ ನೃತ್ಯನಾಟಕದ ವಿದಾಯದ ಭಾಗ ನೋಡಿ. ಸೆರೆಯಾಳು ತನ್ನ ಬೆಟ್ಟ ಕಣಿವೆಗಳಿಗೆ ವಿದಾಯ ಹೇಳಿಬರಲು ಹದಿಮೂರು ಇಪ್ಪತ್ತು ಹಗಲು, ಹದಿಮೂರು ಇಪ್ಪತ್ತು ಇರುಳು ಕೇಳುತ್ತಾನೆ. 260, ಅವರ ದಿನಗಣನೆಯ ಒಂದು ಪೂರ್ತಿ ಸುತ್ತು. ‘ಇನ್ನೂರ ಅರವತ್ತು ದಿನ’ ಅಂತ ಗುಣಿಸಿ ಬರೆದುಬಿಡಬೇಡಿ.

---

ಎಲೆಮರೆ:

ಕೊನೆಯದೊಂದು. ತ್ಸೊತ್ಸಿಲ್ ಪ್ರಾರ್ಥನೆಗಳಲ್ಲಿ ಸಾನ್ ಲೊರೆನ್ಸೊ, ಸಾನ್ ಹುವಾನ್ ಅಂತ ಕ್ರೈಸ್ತ ಸಂತರ ಹೆಸರು ಬರುತ್ತವೆ. ಮೂಲ ಮಾಯಾ ಸ್ವರೂಪ ಉಳಿಯಲೆಂದು ಅವನ್ನು ಬಿಡಬಹುದೇ?

---

ಜೋಡೆತ್ತು:

ಬೇಡ. ಸಾನ್ ಲೊರೆನ್ಸೊ ಸಿನಾಕಾಂತಾನಿನ ಊರದೈವ, ಸಾನ್ ಹುವಾನ್ ಚಾಮುಲಾದ್ದು. ಹಾಡುವವರಿಗೆ ಅವರು ಹೊರಗಿನವರಲ್ಲ, ಬೆಟ್ಟದ ತಂದೆತಾಯಿಗಳ ಸಾಲಿನಲ್ಲೇ ಬತ್ತಿ ಉಣ್ಣುವವರು. ಸೂರ್ಯ ಮತ್ತು ಕ್ರಿಸ್ತ ಚಾಮುಲಾದಲ್ಲಿ ಒಬ್ಬನೇ. ಹೆಸರು ತೆಗೆದರೆ ಜೋಡಿಯ ಒಂದು ಕಾಲು ಮುರಿಯುತ್ತದೆ. ‘ಸಂತ ಲಾರೆನ್ಸ್’ ಎಂದು ಇಂಗ್ಲಿಷ್ ಮಾಡಲೂ ಹೋಗಬೇಡಿ, ಸಾನ್ ಲೊರೆನ್ಸೊ ಎಂದೇ ಇರಲಿ, ಹಿಂದೆ ಬರುವ ‘ನಮ್ಮಪ್ಪ’ ಎಂಬ ಮಾತನ್ನೂ ಉಳಿಸಿ.